ಬಾಚಣಿಗೆಯ ಗೆರೆಗಳು

ಮೇಸ್ತ್ರಿಯ ಹೆಂಡತಿಗೆ ಊಟದ ವಿಷಯದಲ್ಲಿ ಒಂದೇ ಒಂದು ಹಟ: ಡಬ್ಬಿ ಮುಟ್ಟಿದರೆ ಕೈ ಸುಡಬೇಕು. ಮಧ್ಯಾಹ್ನ ಒಂದು ಗಂಟೆಗೆ ತಿನ್ನುವ ಊಟ ಬೆಳಿಗ್ಗೆ ಎಂಟಕ್ಕೆ ಕುದಿಯುತ್ತಿದ್ದು ಏನು ಪ್ರಯೋಜನ ಎಂದು ಕೇಳುವ ಧೈರ್ಯ ಮೇಸ್ತ್ರಿಗೆ ಮದುವೆಯಾದ ಹೊಸತರಲ್ಲೇ ಉಡುಗಿಹೋಗಿತ್ತು. ಹೀಗಾಗಿ ಮೂವತ್ತೊಂದು ವರ್ಷಗಳಿಂದ ಮೇಸ್ತ್ರಿ ನಾಲ್ಕು ಅಂತಸ್ತಿನ ಸ್ಟೀಲ್ ಕ್ಯಾರಿಯರನ್ನು ಟವೆಲಿನಲ್ಲಿ ಹಿಡಿದು ಓಡುನಡಿಗೆಯಲ್ಲಿ ಕಾರ್ಖಾನೆಗೆ ಬಂದು, ತಮ್ಮ ಬೆಂಚಿನ ಎಡಮೂಲೆಯಲ್ಲಿ, ಕಿಟಕಿಯ ಕೆಳಗೆ, ಅದನ್ನು ಇಳಿಸಿ ಆಮೇಲೆ ಉಸಿರು ಬಿಡುತ್ತಿದ್ದರು. ನೋಡಿ ಇಡುವ ಅಗತ್ಯವಿರಲಿಲ್ಲ. ಜಾಗ ಕೈಗೇ ಗೊತ್ತಿತ್ತು.

ಆ ದಿನವೂ ಕೈಗೇ ಗೊತ್ತಿತ್ತು. ಫಜೀತಿ ಬಂದದ್ದೆಲ್ಲ ಅದರಿಂದಲೇ.

ಕ್ಯಾರಿಯರ್ ಇಟ್ಟಾಗ ಅಡಿಯಲ್ಲಿ ಏನೋ ಮೆತ್ತಗೆ ತಗುಲಿತು. ಒರಸುವ ಬಟ್ಟೆಯ ಮುದ್ದೆ ಇರಬೇಕೆಂದುಕೊಂಡು ಟೀ ಕುಡಿಯಲು ಹೋದರು. ಕಾಲು ಗಂಟೆ ಬಿಟ್ಟು ಬಂದು ಕ್ಯಾರಿಯರ್ ಸರಿಸಿ ಬಟ್ಟೆ ಎತ್ತಿದರೆ, ಕೆಳಗೊಂದು ತಟ್ಟೆ, ತಟ್ಟೆಯಲ್ಲಿ ಬೂದುಬಣ್ಣದ ಗೇರ್ ನಾಬ್, ಗೇರಿನ ಕೋಲಿನ ತುದಿಗೆ ಕೂರುವ ಹಿಡಿ. ನಾಬ್ ಅನ್ನುವುದಕ್ಕಿಂತ ನಾಬ್ ಆಗಿದ್ದದ್ದು ಅನ್ನಬೇಕು. ನೆಟ್ಟಗೆ ನಿಲ್ಲಬೇಕಾದ ಕತ್ತು ಬಾಡಿದ ಬದನೆಕಾಯಿಯಂತೆ ಒಂದು ಕಡೆಗೆ ಜೋತುಬಿದ್ದಿತ್ತು. ಮೇಸ್ತ್ರಿ ಗಾಬರಿಯಲ್ಲಿ ಅದನ್ನು ನೆಟ್ಟಗೆ ಮಾಡಲು ಹೋದರು. ಅದು ಇನ್ನೊಂದು ಕಡೆಗೆ ಜೋತುಬಿತ್ತು.

ಅದು ಕಾರು ಮಾಡುವ ಕಂಪನಿಯ ಮಾದರಿ ವಿಭಾಗ. ಹೊಸ ಕಾರು ರಸ್ತೆಗಿಳಿಯುವ ಎಷ್ಟೋ ಮೊದಲು ಅದರ ಹಿಡಿ, ಗುಂಡಿ, ಕನ್ನಡಿಯ ಚೌಕಟ್ಟು ಎಲ್ಲವೂ ಇಲ್ಲಿ ಮರದಲ್ಲೋ ಜೇಡಿಮಣ್ಣಿನಲ್ಲೋ ಒಮ್ಮೆ ಹುಟ್ಟಬೇಕು. ದೊಡ್ಡವರು ಮುಟ್ಟಿ, ತಿರುಗಿಸಿ, ತಲೆಯಾಡಿಸಿದ ಮೇಲೆ ಮುಂದಿನ ಕೆಲಸ. ಆ ಮೊದಲ ಹುಟ್ಟು ಮೂವತ್ತೊಂದು ವರ್ಷಗಳಿಂದ ಮೇಸ್ತ್ರಿಯ ಕೈಯಲ್ಲಿ ಆಗುತ್ತಿತ್ತು.

ಎಂಟು ತಿಂಗಳ ಹಿಂದೆ ಪಕ್ಕದ ಗಾಜಿನ ಕೋಣೆಗೆ ತ್ರೀಡಿ ಪ್ರಿಂಟರ್ ಬಂತು. ಅದನ್ನು ನಡೆಸಲು ಒಬ್ಬ ಇಂಜಿನಿಯರ್ ಹುಡುಗಿಯೂ ಬಂದಳು. ಅವಳು ಕಂಪ್ಯೂಟರಿನಲ್ಲಿ ಆಕಾರ ಬರೆದು ಗುಂಡಿ ಒತ್ತಿದರೆ ಮೆಷಿನ್ನಿನ ಸೂಜಿಮೂತಿ ಕರಗಿದ ಪ್ಲಾಸ್ಟಿಕ್ಕನ್ನು ಎಳೆ ಎಳೆಯಾಗಿ ಬಿಡುತ್ತ, ಪದರದ ಮೇಲೆ ಪದರ ಕಟ್ಟುತ್ತ, ಮೇಸ್ತ್ರಿಗೆ ವಾರ ಹಿಡಿಯುತ್ತಿದ್ದ ಕೆಲಸವನ್ನು ಮೂರು ಗಂಟೆಯಲ್ಲಿ ಮುಗಿಸುತ್ತಿತ್ತು. ಸರಿಹೋಗದಿದ್ದರೆ ಇನ್ನೊಂದು. ಅದೂ ಸರಿಹೋಗದಿದ್ದರೆ ಮತ್ತೊಂದು. "ತಪ್ಪು ಮಾಡೋಕೆ ಭಯಾನೇ ಇಲ್ಲ ಮೇಸ್ತ್ರಿ, ಅದೇ ಇದರ ಮಜಾ," ಎಂದು ಹುಡುಗಿ ಒಮ್ಮೆ ಹೇಳಿದ್ದಳು. ಮೇಸ್ತ್ರಿ ಆ ಮಾತನ್ನು ಮನೆಗೆ ಒಯ್ದು ಎರಡು ದಿನ ಯೋಚಿಸಿದ್ದರು. ಮರಕ್ಕೆ ಮೊದಲ ಉಳಿಪೆಟ್ಟು ಹಾಕುವ ಮುಂಚೆ ಮೂರು ದಿನ ಸುಮ್ಮನೆ ಕೂತು ಅದನ್ನೇ ನೋಡುವ ಮನುಷ್ಯನಿಗೆ ಅದು ಹೊಸ ಮಾತಾಗಿತ್ತು. ಆ ಮೆಷಿನ್ ಮೇಲೆ ಹೊಟ್ಟೆಕಿಚ್ಚು ಪಡೋಣವೆಂದು ಪ್ರಾಮಾಣಿಕವಾಗಿ ಪ್ರಯತ್ನಪಟ್ಟರು. ಆದರೆ ಯಾರೂ ಇಲ್ಲದಾಗ ಗಾಜಿಗೆ ಮೂಗು ಒತ್ತಿ ಅದರ ಕೆಲಸ ನೋಡುತ್ತ ನಿಂತುಬಿಡುತ್ತಿದ್ದರು. ಕೆಲಸ ಬಲ್ಲವರಿಗೆ ಒಳ್ಳೆಯ ಕೆಲಸ ನೋಡುವುದೂ ಒಂದು ಚಟ.

ಆದರೆ ಎರಡನ್ನೂ ಯಾಕೆ ಸಾಕಬೇಕು ಎಂದು ಮೇಲಿನವರಿಗೆ ಅನ್ನಿಸಿತು. ಕೊನೆಗೆ ಒಂದು ಪರೀಕ್ಷೆ ಗೊತ್ತುಮಾಡಿದರು. ಒಂದೇ ಡ್ರಾಯಿಂಗ್, ಎರಡು ಗೇರ್ ನಾಬ್: ಒಂದು ಮೇಸ್ತ್ರಿಯ ಕೈಯದು, ಇನ್ನೊಂದು ಮೆಷಿನ್ನಿನದು. ದೊಡ್ಡ ಸಾಹೇಬರು ಎರಡನ್ನೂ ಹಿಡಿದು ನೋಡುತ್ತಾರೆ. ಮೆಷಿನ್ನಿನದು ಗೆದ್ದರೆ ತಿಂಗಳ ಕೊನೆಗೆ ಮೇಸ್ತ್ರಿಯ ಬೆಂಚು ಎತ್ತಿಸಿ ಆ ಜಾಗದಲ್ಲಿ ಇನ್ನೆರಡು ಮೆಷಿನ್. ಮೇಸ್ತ್ರಿಗೆ ಸ್ಟೋರಿನಲ್ಲಿ ಒಂದು ಕುರ್ಚಿ. ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು. ನಾಲ್ಕು ವರ್ಷ ನಟ್ಟು ಬೋಲ್ಟು ಎಣಿಸಿದರೆ ಈ ಕೈಗಳು ತನ್ನನ್ನು ಕ್ಷಮಿಸುತ್ತವೆಯೇ ಎಂದು ಮೇಸ್ತ್ರಿಗೆ ನಿದ್ದೆ ಬರುತ್ತಿರಲಿಲ್ಲ.

ಆ ಪರೀಕ್ಷೆ ಇಂದು ಹನ್ನೊಂದು ಗಂಟೆಗೆ. ಮೇಸ್ತ್ರಿಯ ನಾಬ್ ಕಪಾಟಿನಲ್ಲಿ ಭದ್ರವಾಗಿತ್ತು. ಮೆಷಿನ್ನಿನದನ್ನು, ಕಿಟಕಿಯ ಬೆಳಕಲ್ಲಿ ಚೆನ್ನಾಗಿ ಕಾಣಲಿ ಎಂದು ಹುಡುಗಿ ನಿನ್ನೆ ಸಂಜೆ ಮೇಸ್ತ್ರಿ ಹೋದ ಮೇಲೆ ತಂದು, ಅವರದೇ ಬೆಂಚಿನ ಎಡಮೂಲೆಯಲ್ಲಿ, ಬಟ್ಟೆ ಮುಚ್ಚಿ ಇಟ್ಟು ಹೋಗಿದ್ದಳು.

"ಏನ್ ಭಾವ ಇದು, ಜೀವ ಹೋಯ್ತಾ?"

ಬೆನ್ನ ಹಿಂದೆ ಪೇಂಟರ್ ನಿಂತಿದ್ದ. ಅವನು ಮೇಸ್ತ್ರಿಯ ಹೆಂಡತಿಯ ತಮ್ಮ. ಕಾರ್ಖಾನೆಗೆ ಸೇರಿಸಿದ್ದು ಮೇಸ್ತ್ರಿಯೇ. ಅಂದಿನಿಂದ ಮೇಸ್ತ್ರಿ ಇಲ್ಲಿ ಸೀನಿದರೆ ಅಲ್ಲಿ ಅಕ್ಕನಿಗೆ ಗೊತ್ತಾಗುತ್ತಿತ್ತು.

"ಮೆತ್ತಗೆ ಮಾತಾಡೋ," ಎಂದರು ಮೇಸ್ತ್ರಿ. "ನಿಮ್ಮಕ್ಕನ ಊಟದ ಮಹಿಮೆ."

"ಒಳ್ಳೇದೇ ಆಯ್ತಲ್ಲ! ಇನ್ನು ಇರೋದು ನಿಮ್ದೊಂದೇ. ಆಡದೇನೇ ಗೆದ್ರಿ."

"ಗೆಲ್ಲೋದಾ? ಕೈಲಾಗದವನು ಹೊಟ್ಟೆಕಿಚ್ಚಿಗೆ ಸುಟ್ಟ ಅಂತಾರೆ ಕಣೋ. ಡಬ್ಬಿ ಇಟ್ಟೆ ಅಂದ್ರೆ ಯಾರು ನಂಬ್ತಾರೆ?"

ಪೇಂಟರ್ ಸ್ವಲ್ಪ ಯೋಚಿಸಿದ. "ಅದೂ ನಿಜವೇ. ನಾನೇ ಆಗಿದ್ರೂ ನಂಬ್ತಿರ್ಲಿಲ್ಲ."

ಹುಡುಗಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ದವಡೆಹಲ್ಲು ಕೀಳಿಸಿಕೊಂಡು ಹತ್ತೂಮುಕ್ಕಾಲಿಗೆ ಬರುತ್ತೇನೆಂದು ಹೇಳಿ ಹೋಗಿದ್ದಳಂತೆ. ಮೆಷಿನ್ ಅವಳ ಗುಟ್ಟಿನ ಸಂಖ್ಯೆ ಇಲ್ಲದೆ ಉಸಿರಾಡುವುದಿಲ್ಲ. ಈಗ ಎಂಟೂಮುಕ್ಕಾಲು.

"ಭಾವ, ಒಂದ್ ಮಾತು," ಎಂದ ಪೇಂಟರ್. "ಮರದಲ್ಲೇ ಒಂದು ಮಾಡಿಬಿಡಿ. ನಾನು ಬೂದು ಬಣ್ಣ ಹೊಡೀತೀನಿ. ಯಾವನಿಗೆ ಗೊತ್ತಾಗುತ್ತೆ?"

ಮೇಸ್ತ್ರಿ ಅವನನ್ನು ಬೈಯಲು ಬಾಯಿ ತೆರೆದರು. ಬಾಯಿ ಮುಚ್ಚಿದರು. ಹಳೆಯ ತೇಗದ ತುಂಡೊಂದನ್ನು ಎಳೆದುಕೊಂಡರು.

ಡ್ರಾಯಿಂಗ್ ಸಾಹೇಬರ ಆಫೀಸಿನಲ್ಲಿತ್ತು. ನೋಡಿ ಮಾಡೋಣವೆಂದರೆ ಮಾದರಿಯೇ ಸೊಟ್ಟಗಾಗಿ ಮಲಗಿತ್ತು. ಅಳತೆ, ಅಪ್ಪಣೆ ಒಂದೂ ಇಲ್ಲದೆ ಮೇಸ್ತ್ರಿ ಕೆಲಸಕ್ಕೆ ಕೂತದ್ದು ಜನ್ಮದಲ್ಲೇ ಮೊದಲು. ಕಪಾಟಿನಲ್ಲಿದ್ದ ತಮ್ಮ ನಾಬಿನಲ್ಲಿ ಡ್ರಾಯಿಂಗಿನ ಒಂದು ಗೆರೆಯನ್ನೂ ಅವರು ಮೀರಿರಲಿಲ್ಲ. ಹೆಬ್ಬೆರಳಿನ ಜಾಗ ಸರಿಯಿಲ್ಲ ಎಂದು ಮೊದಲ ದಿನವೇ ಅನ್ನಿಸಿತ್ತು. ಆದರೆ ಡ್ರಾಯಿಂಗ್ ಅಂದರೆ ಡ್ರಾಯಿಂಗ್. ಈಗ ಹೇಳುವವರು ಕೇಳುವವರು ಯಾರೂ ಇಲ್ಲ; ಮೂರು ದಿನ ನೋಡುತ್ತ ಕೂರಲು ಹೊತ್ತೂ ಇಲ್ಲ. ಲೇತಿನಲ್ಲಿ ತಿರುಗಿಸಿ, ಅರದಲ್ಲಿ ಉಜ್ಜಿ, ಕಣ್ಣುಮುಚ್ಚಿ ಹಿಡಿದು, ಮತ್ತೆ ಉಜ್ಜಿದರು. ಹೆಬ್ಬೆರಳು ಎಲ್ಲಿ ಕೂರಬೇಕೆಂದು ಹೆಬ್ಬೆರಳೇ ಹೇಳಿತು.

ನಡುವೆ ಒಂದು ದುರಾಸೆಯೂ ಬಂತು. ಇದು ಮೆಷಿನ್ನಿನ ಹೆಸರಲ್ಲಿ ಹೋಗುವ ವಸ್ತು. ಒಂಚೂರು ಸೊಟ್ಟ ಮಾಡಿದರೆ? ಅಂಗೈಗೆ ಒಂದು ಏಣು ಒತ್ತುವಂತೆ ಬಿಟ್ಟರೆ? ಬೆಂಚು ಉಳಿಯುತ್ತದೆ, ಹೆಸರೂ ಉಳಿಯುತ್ತದೆ. ಮೇಸ್ತ್ರಿ ಗಟ್ಟಿಮನಸ್ಸು ಮಾಡಿ ಒಂದು ಕಡೆ ಏಣು ಬಿಟ್ಟರು. ತಳಬಣ್ಣದ ಪ್ರೈಮರ್ ಡಬ್ಬ ಎಲ್ಲಿದೆ ಎಂದು ಅತ್ತ ತಿರುಗಿ ಇತ್ತ ನೋಡುವಷ್ಟರಲ್ಲಿ ಕೈ ಅದನ್ನು ಉಜ್ಜಿ ನುಣುಪು ಮಾಡಿಬಿಟ್ಟಿತ್ತು. ಮೂವತ್ತೊಂದು ವರ್ಷ ಸಾಕಿದ ಕೈ, ಯಜಮಾನನ ಮಾತು ಕೇಳಲಿಲ್ಲ.

ಹತ್ತು ಗಂಟೆಗೆ ಹೆಂಡತಿಯ ಫೋನು. "ಅದೇನೋ ನನ್ನ ಊಟದಿಂದ ಕಾರು ಹಾಳಾಯ್ತಂತೆ?"

"ಕಾರಲ್ಲ ಕಣೆ. ಗೇರಿನ ತಲೆ."

"ಊಟ ಬಿಸಿ ಇತ್ತು ತಾನೇ?"

"ಇತ್ತು," ಎಂದರು ಮೇಸ್ತ್ರಿ, ಮನಸಾರೆ.

ಪೇಂಟರ್ ದಪ್ಪಗೆ ಬೂದು ಪ್ರೈಮರ್ ಹೊಡೆದ. ಆಮೇಲೆ ಇಬ್ಬರೂ ತಲೆ ಓರೆ ಮಾಡಿ ನೋಡಿದರು. ಏನೋ ಸರಿಯಿಲ್ಲ. ತೀರ ನುಣುಪಾಗಿತ್ತು. ಮೆಷಿನ್ ಪದರ ಪದರವಾಗಿ ಕಟ್ಟುವುದರಿಂದ ಅದರ ಕೆಲಸದ ಮೈತುಂಬ ಸಣ್ಣ ಸಣ್ಣ ಗೆರೆಗಳಿರುತ್ತವೆ.

"ನಿನ್ನ ಬಾಚಣಿಗೆ ಕೊಡೋ," ಎಂದರು ಮೇಸ್ತ್ರಿ.

ಪೇಂಟರ್ ಭಾವನ ಬೋಳುತಲೆಯನ್ನೊಮ್ಮೆ ನೋಡಿ, ಹಿಂದಿನ ಜೇಬಿನಿಂದ ಬಾಚಣಿಗೆ ತೆಗೆದುಕೊಟ್ಟ. ಅರೆ ಒಣಗಿದ ಬಣ್ಣದ ಮೇಲೆ ಮೇಸ್ತ್ರಿ ಅದರ ಸಣ್ಣ ಹಲ್ಲುಗಳನ್ನು ಉಸಿರುಬಿಗಿಹಿಡಿದು ಎಳೆಯುತ್ತ ಬಂದರು. ಗೆರೆಯ ಕೆಳಗೆ ಗೆರೆ. ಕೊನೆಯ ಸುತ್ತಿನಲ್ಲಿದ್ದಾಗ ಬಾಗಿಲಿನಿಂದ ಒಂದು ಧ್ವನಿ ಬಂತು: "ಏನ್ರೀ ಮೇಸ್ತ್ರಿ, ಯಾರಿಗೆ ತಲೆ ಬಾಚ್ತಿದೀರ?"

ಸ್ಟೋರಿನವರು! ಚೀಟಿ ಬರೆಯದೆ ಪ್ರೈಮರ್ ಒಯ್ದದ್ದು ಯಾರೆಂದು ಹುಡುಕುತ್ತ ಬಂದಿದ್ದರು. ಮೇಸ್ತ್ರಿಯ ಕೈ ಬೆಚ್ಚಿತು; ಕೊನೆಯ ಗೆರೆ ಹಾವಿನಂತೆ ವಕ್ರವಾಗಿ ಓಡಿತು. ಪೇಂಟರ್ ಮಧ್ಯೆ ನುಗ್ಗಿ, "ಬರ್ಕೊಡ್ತೀನಿ ಬನ್ನಿ, ಎರಡು ಚೀಟಿ ಬರ್ಕೊಡ್ತೀನಿ," ಎಂದು ಅವರನ್ನು ಎಳೆದುಕೊಂಡು ಹೋದ. ಆ ಒಂದು ಗೆರೆ ತಿದ್ದುವಷ್ಟರಲ್ಲಿ ಬಣ್ಣ ಗಟ್ಟಿಯಾಗಿಬಿಟ್ಟಿತ್ತು.

ದೊಡ್ಡ ಸಾಹೇಬರು ಹನ್ನೊಂದಕ್ಕೆ ಸರಿಯಾಗಿ ಬಂದರು. ಹುಡುಗಿಯೂ ಬಂದಳು; ಅವಳ ಒಂದು ಕೆನ್ನೆ ಊದಿಕೊಂಡಿತ್ತು, ಬಾಯಿಯ ಅರ್ಧಭಾಗ ಮರಗಟ್ಟಿತ್ತು.

ಸಾಹೇಬರು ಮೊದಲು ಮರದ ನಾಬ್ ಹಿಡಿದರು. "ಚೆಂದ ಇದೆ ಮೇಸ್ತ್ರಿ. ಷೋಕೇಸಲ್ಲಿ ಇಡೋ ಹಾಗಿದೆ. ಆದ್ರೆ ಹೆಬ್ಬೆರಳು ಎಲ್ಲೋ ಹುಡುಕಾಡುತ್ತೆ, ಅಲ್ವಾ?" ಆಮೇಲೆ ಬೂದುಬಣ್ಣದ್ದನ್ನು ಹಿಡಿದರು. ಪಕ್ಕದಲ್ಲಿದ್ದ ಮಾದರಿ ಕಾರಿನ ಸೀಟಿನ ಮೇಲೆ ಕೂತು, ಗೇರಿನ ಕೋಲಿಗೆ ಅದನ್ನು ಸಿಕ್ಕಿಸಿ, ಮೊದಲನೇ ಗೇರಿನಿಂದ ಐದನೆಯದಕ್ಕೆ ಹೋಗಿ ಬಂದರು. ಇನ್ನೊಮ್ಮೆ ಹೋಗಿ ಬಂದರು. ಮುಖದಲ್ಲಿ ಚಿಕ್ಕ ಹುಡುಗನ ಸಂತೋಷ ಕಂಡಿತು.

"ಹೆಬ್ಬೆರಳು ತಾನಾಗೇ ಹೋಗಿ ಕೂರುತ್ತಲ್ರೀ! ಡ್ರಾಯಿಂಗಲ್ಲಿ ಹೀಗಿತ್ತೇನಮ್ಮ?"

ಹುಡುಗಿ ನಾಬನ್ನು ತೆಗೆದುಕೊಂಡಳು. ತಿರುಗಿಸಿದಳು. ಉಗುರಿನಲ್ಲಿ ತಟ್ಟಿದಳು. ಮೇಸ್ತ್ರಿಯ ಮುಖ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು; ಅರ್ಧ ಮಾತ್ರ ತೆರೆಯಿತು. ಹೊರಬಂದದ್ದು ಮಾತಲ್ಲ, ಜೊಲ್ಲು. ಕರವಸ್ತ್ರ ಒತ್ತಿಕೊಂಡಳು.

"ಪಾಪ, ಮಾತಾಡಬೇಡ ಬಿಡಮ್ಮ," ಎಂದರು ಸಾಹೇಬರು. "ನೋಡ್ರೀ, ಮನುಷ್ಯನ ಕೈಗೆ ಹೊಂದೋ ಹಿಡಿ ಮಾಡೋಕೆ ಕೊನೆಗೂ ಮೆಷಿನ್ನೇ ಬರಬೇಕಾಯ್ತು. ಬೇಜಾರಿಲ್ಲ ತಾನೇ ಮೇಸ್ತ್ರಿ?"

ಮೇಸ್ತ್ರಿ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಅದನ್ನು ಮಾಡಿದ್ದು ನಾನು ಅನ್ನಬೇಕಾದರೆ, ಇನ್ನೊಂದನ್ನು ಕೆಡಿಸಿದ್ದೂ ನಾನೇ ಅನ್ನಬೇಕು. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡವನು ಯಾರ ಮೇಲೆ ದೂರು ಕೊಡುವುದು?

"ಇಲ್ಲ ಸಾರ್," ಎಂದರು.

"ನಾಳೆ ಮೂರು ಗಂಟೆಗೆ ಟೆಸ್ಟ್ ಡ್ರೈವರುಗಳು ಬರ್ತಾರೆ. ಇಂಥವೇ ಇನ್ನಾರು ಬೇಕು. ಹೂಂ, ಬೆಂಚು ತಿಂಗಳ ಕೊನೆಗೆ ಎತ್ತಿಸೋಣ."

ಮಧ್ಯಾಹ್ನ ಎರಡರ ಹೊತ್ತಿಗೆ ಹುಡುಗಿಯ ಬಾಯಿಗೆ ಜೀವ ಬಂತು. ನಾಬ್ ಹಿಡಿದುಕೊಂಡು ನೇರ ಬೆಂಚಿನ ಮುಂದೆ ಬಂದು ನಿಂತಳು.

"ಪ್ಲಾಸ್ಟಿಕ್ಕು ತೇಗದ ವಾಸನೆ ಬರಲ್ಲ ಮೇಸ್ತ್ರಿ."

ಮೇಸ್ತ್ರಿ ಡ್ರಾಯರ್ ಎಳೆದು, ಪೇಪರಿನಲ್ಲಿ ಸುತ್ತಿಟ್ಟಿದ್ದ ಸೊಟ್ಟ ನಾಬನ್ನು ಅವಳ ಮುಂದಿಟ್ಟರು. "ಬೇಕಂತ ಮಾಡಿದ್ದಲ್ಲ ಕಣಮ್ಮ. ಊಟದ ಡಬ್ಬಿ. ದೇವರಾಣೆಗೂ."

ಹುಡುಗಿ ಅದನ್ನು ನೋಡಿದಳು, ಕ್ಯಾರಿಯರ್ ನೋಡಿದಳು. ನಗು ಬಂತು, ನಕ್ಕರೆ ದವಡೆ ನೋಯುತ್ತಿದ್ದುದರಿಂದ ಕೆನ್ನೆ ಹಿಡಿದುಕೊಂಡು ನಕ್ಕಳು. "ಈ ಪ್ಲಾಸ್ಟಿಕ್ಕು ಅರವತ್ತು ಡಿಗ್ರಿಗೇ ಮೆತ್ತಗಾಗುತ್ತೆ. ನಿಮಗೆ ಹೇಳದೆ ಇಲ್ಲಿಟ್ಟಿದ್ದು ನನ್ನ ತಪ್ಪು. ಆದ್ರೆ ಮೇಸ್ತ್ರಿ, ಕೆಟ್ಟದಾಗಿ ಮಾಡಬಹುದಿತ್ತಲ್ಲ? ನೀವೇ ಗೆಲ್ತಿದ್ರಿ."

"ಪ್ರಯತ್ನಪಟ್ಟೆ. ಬರಲಿಲ್ಲ."

ಅವಳು ನಾಬನ್ನು ಅಂಗೈಯಲ್ಲಿ ತಿರುಗಿಸಿದಳು. "ಹದಿನಾಲ್ಕು ಸಲ ಪ್ರಿಂಟ್ ಹಾಕಿದೀನಿ. ಈ ಹೆಬ್ಬೆರಳಿನ ಜಾಗ ನನಗೆ ಸಿಗಲೇ ಇಲ್ಲ. ನೀವು ಒಂದೇ ಸಲಕ್ಕೆ ಹಿಡಿದ್ರಲ್ಲ."

"ಒಂದೇ ಸಲಕ್ಕಲ್ಲಮ್ಮ. ಮೂವತ್ತೊಂದು ವರ್ಷ, ಆಮೇಲೆ ಒಂದು ಸಲ."

ಅವಳ ಕಣ್ಣಲ್ಲಿ ಏನೋ ಹೊಳೆಯಿತು. ಸ್ಕ್ಯಾನರ್ ಎಂಬ ಒಂದು ಉಪಕರಣ ಅವಳ ಕೋಣೆಯಲ್ಲಿತ್ತು. ವಸ್ತುವನ್ನು ಅದರ ಮುಂದೆ ತಿರುಗಿಸಿದರೆ ಕೂದಲೆಳೆಯಷ್ಟು ಗೀರನ್ನೂ ಬಿಡದೆ ಓದಿಕೊಳ್ಳುತ್ತದೆ. "ಇದನ್ನೇ ಸ್ಕ್ಯಾನ್ ಮಾಡಿ ಆರು ತೆಗೀತೀನಿ," ಎಂದಳು. "ಮೆಷಿನ್ನು ನಾಳೆ ಬೆಳಿಗ್ಗೆವರೆಗೆ ತಾನೇ ಓಡ್ಕೊಂಡಿರುತ್ತೆ. ನಿಮ್ಮ ಬಾಚಣಿಗೆ ಗೆರೆ, ಈ ಸೊಟ್ಟ ಗೆರೆ, ಎಲ್ಲಾ ಬರುತ್ತೆ. ನಿಮ್ಮ ರುಜು ಇದ್ದ ಹಾಗೆ. ಅದನ್ನ ತೋರಿಸಿ ಸಾಹೇಬರಿಗೆ ನಾನೇ ಎಲ್ಲಾ ಹೇಳ್ತೀನಿ. ಕೈ ಇಲ್ದೆ ಮೆಷಿನ್ನಿಗೆ ದಾರಿ ಸಿಗಲ್ಲ ಸಾರ್, ಎರಡೂ ಬೇಕು ಅಂತೀನಿ."

ಆ ಸಂಜೆ ಮೇಸ್ತ್ರಿ ಖಾಲಿ ಕ್ಯಾರಿಯರನ್ನು ಬೀಸುತ್ತ ಮನೆಗೆ ಹೋದರು. ಸತ್ಯ ಅನ್ನುವುದು ತಡವಾಗಿಯಾದರೂ ದಾರಿ ಹುಡುಕಿಕೊಂಡು ಬರುತ್ತದೆ ಎಂದು ಹೆಂಡತಿಗೆ ಉಪದೇಶ ಬೇರೆ ಮಾಡಿದರು. ಅವಳು ನಾಳೆಯ ಊಟವನ್ನು ಇನ್ನಷ್ಟು ಬಿಸಿ ಮಾಡುವುದಾಗಿ ಹೇಳಿದಳು.

ಮರುದಿನ ಊಟ ಇನ್ನಷ್ಟು ಕುದಿಯಲೆಂದು ಕಾದು, ತಡವಾಗಿ ಬೆಳಿಗ್ಗೆ ಒಂಬತ್ತಕ್ಕೆ ಮೇಸ್ತ್ರಿ ಒಳಗೆ ಕಾಲಿಡುವಾಗಲೇ ಸಾಹೇಬರು ಗಾಜಿನ ಕೋಣೆಯಲ್ಲಿದ್ದರು. ಹುಡುಗಿ ಕೈಬೀಸಿ ಕರೆದಳು. ಮೇಸ್ತ್ರಿ ಕ್ಯಾರಿಯರ್ ಹಿಡಿದುಕೊಂಡೇ ಹೋಗಿ ನಿಂತರು. ತಟ್ಟೆಯಲ್ಲಿ ಆರು ನಾಬ್‌ಗಳು ಒತ್ತೊತ್ತಾಗಿ ನಿಂತಿದ್ದವು. ಹುಡುಗಿ ಒಂದನ್ನೂ ಮುಚ್ಚಿಡಲಿಲ್ಲ: ಡಬ್ಬಿ, ತೇಗ, ಬಾಚಣಿಗೆ, ಎಲ್ಲ ಹೇಳಿದಳು. ತೇಗದ ನಾಬನ್ನೂ ಪಕ್ಕದಲ್ಲಿಟ್ಟಳು.

"ನೋಡಿ ಸಾರ್. ತೀರ ಸಣ್ಣಗಿರೋದು ಮೆಷಿನ್ನಿನ ಗೆರೆ. ದಪ್ಪಗಿರೋದು ಮೇಸ್ತ್ರಿ ಬಾಚಣಿಗೆದು. ಇಲ್ಲಿ ಅವರ ಕೈ ಬೆಚ್ಚಿದ್ದು."

ಸಾಹೇಬರು ಸಿಟ್ಟಾಗಲಿಲ್ಲ. ಡಬ್ಬಿಯ ಮಾತಿಗೆ ನಕ್ಕರು ಕೂಡ. ಕನ್ನಡಕ ಏರಿಸಿ ತೇಗದ ನಾಬಿನ ಸೊಟ್ಟ ಗೆರೆಯ ಮೇಲೆ ಬೆರಳಾಡಿಸಿದರು. ಆಮೇಲೆ ಆರರ ಮೇಲೂ ಒಂದೊಂದಾಗಿ ಆಡಿಸಿದರು.

"ಅಂದ್ರೆ," ಎಂದರು ಸಾಹೇಬರು ನಿಧಾನವಾಗಿ, "ಕೈ ಬೆಚ್ಚಿದ್ದನ್ನೂ ಮೆಷಿನ್ ಮಾಡುತ್ತೆ!"

"ಸಾರ್?"

"ಆರಕ್ಕಾರೂ ಅದೇ ಜಾಗದಲ್ಲಿ ಬೆಚ್ಚಿವೆಯಲ್ಲಮ್ಮ! ನಾನು ಇಷ್ಟು ದಿನ ಅಂದ್ಕೊಂಡಿದ್ದೆ, ಏನೇ ಆದ್ರೂ ಕೈಯ ಗುಣ ಮೆಷಿನ್ನಿಗೆ ಬರಲ್ಲ ಅಂತ. ಬಂತಲ್ಲ!" ಅವರು ಎದ್ದು ಮೇಸ್ತ್ರಿಯ ಎರಡೂ ಹೆಗಲು ಹಿಡಿದರು, ಕಣ್ಣಲ್ಲಿ ನಿಜವಾದ ಪ್ರೀತಿಯಿತ್ತು. "ಮೇಸ್ತ್ರಿ, ನಿಮ್ಮ ಕೈ ಪೂರ್ತಿ ಇದರೊಳಗೆ ಬಂದ ಹಾಗಾಯ್ತು. ಇನ್ನು ನೀವು ಆರಾಮಾಗಿರಿ."

"ಸಾರ್, ಆಕಾರ ಹುಡುಕಿದ್ದು ಅವರು," ಎಂದಳು ಹುಡುಗಿ, ಅಳು ನುಂಗುತ್ತ.

"ಒಂದು ಸಲ ಹುಡುಕಿ ಆಯ್ತಲ್ಲಮ್ಮ. ತಿಂಗಳ ಕೊನೆವರೆಗೆ ಯಾಕೆ ಕಾಯೋದು? ಬೆಂಚು ಇವತ್ತೇ ಎತ್ತಿಸಿ. ಈ ತೇಗದ್ದು ನನ್ನ ಟೇಬಲ್ ಮೇಲಿರಲಿ, ನೆನಪಿಗೆ." ನಾಬನ್ನು ಜೇಬಿಗೆ ಹಾಕಿಕೊಂಡು ಸಾಹೇಬರು ಹೊರಟುಹೋದರು.

ಹುಡುಗಿ ಆರು ನಾಬಿನ ತಟ್ಟೆಯನ್ನು, ಡ್ರೈವರುಗಳು ಬರುವತನಕ ಧೂಳು ಕೂರದಿರಲಿ ಎಂದು ಬಟ್ಟೆ ಮುಚ್ಚಿ, ಬೆಳಕಿದ್ದ ಕಡೆ ಇಟ್ಟು, ಮುಖ ತೊಳೆಯಲು ಹೋದಳು. ಮೇಸ್ತ್ರಿ ಕಿಟಕಿಯಾಚೆ ನೋಡುತ್ತ ತಮ್ಮ ಬೆಂಚಿನ ಹತ್ತಿರ ಬಂದರು. ಕೈಯಲ್ಲಿದ್ದ ಭಾರ ಇಳಿಸಿದರು. ಸ್ಟೂಲಿನ ಮೇಲೆ ಕೂತು ಬೆಂಚಿನ ಹಳೆಯ ಉಳಿಗಾಯಗಳನ್ನು ಅಂಗೈಯಲ್ಲಿ ಸವರುತ್ತ ಇದ್ದರು. ಒಂದೊಂದು ಗಾಯವೂ ಒಂದೊಂದು ಕಾರು. ಎಷ್ಟು ಹೊತ್ತು ಹಾಗೆ ಕೂತರೋ ಅವರಿಗೇ ಗೊತ್ತಿಲ್ಲ.

"ಮೇಸ್ತ್ರೀ..." ಹುಡುಗಿಯ ಧ್ವನಿ ಸಣ್ಣದಾಗಿತ್ತು. "ಡಬ್ಬಿ."

ಮೇಸ್ತ್ರಿ ಎಡಮೂಲೆಯತ್ತ ನೋಡಿದರು. ಬೇಕೆಂದೇ ಇಟ್ಟರೇ ಎಂದು ಆಮೇಲೆ ಸ್ಟೋರಿನವರು ಊರೆಲ್ಲ ಕೇಳಿಕೊಂಡು ಬಂದರು. ಇಲ್ಲ. ಮೂವತ್ತೊಂದು ವರ್ಷದ ಕೈ ಅದು. ಅದಕ್ಕೆ ಬೇರೆ ಜಾಗ ಗೊತ್ತಿರಲಿಲ್ಲ. ಕ್ಯಾರಿಯರ್ ಎತ್ತಿ, ಬಟ್ಟೆ ಸರಿಸಿದರು. ಆರು ನಾಬ್‌ಗಳೂ ಒಂದೇ ದಿಕ್ಕಿಗೆ ತಲೆ ಬಾಗಿಸಿ, ಸಾಹೇಬರ ಕೋಣೆಗೆ ನಮಸ್ಕಾರ ಮಾಡುತ್ತಿದ್ದವು.

ಗೋಡೆಯ ಗಡಿಯಾರದಲ್ಲಿ ಒಂಬತ್ತೂಮುಕ್ಕಾಲು. ಆರು ಹೊಸದಾಗಿ ತೆಗೆಯಲು ಮೆಷಿನ್ನಿಗೆ ಹದಿನೆಂಟು ಗಂಟೆ ಬೇಕು. ಡ್ರೈವರುಗಳು ಬರಲು ಐದೂಕಾಲು ಗಂಟೆಯಿದೆ. ಹುಡುಗಿ ಗಡಿಯಾರ ನೋಡಿದಳು, ಮೂಲೆಯಲ್ಲಿದ್ದ ತೇಗದ ತುಂಡುಗಳನ್ನು ನೋಡಿದಳು, ಕೊನೆಗೆ ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದ ಪೇಂಟರನ್ನು ನೋಡಿದಳು.

"ಅಣ್ಣಾ, ಆ ಬಾಚಣಿಗೆ ಇದೆಯಾ?"

ಅವನ ಹಿಂದೆಯೇ ಬೆಂಚು ಎತ್ತಲು ಹಗ್ಗ ಹಿಡಿದ ನಾಲ್ವರು ಆಳುಗಳು ಬಂದು ನಿಂತರು. ಮೇಸ್ತ್ರಿ ಕನ್ನಡಕ ಒರಸಿಕೊಂಡು, ಉಳಿ ಕೈಗೆತ್ತಿಕೊಂಡರು.

"ಮೂರು ಗಂಟೆವರೆಗೆ ಹೊರಗಿರ್ರಪ್ಪ," ಎಂದರು. "ಒಂದಿಷ್ಟು ಮೆಷಿನ್ ಕೆಲಸ ಬಾಕಿ ಇದೆ."